ಇಲ್ಲ ಎನ್ನಲು ಬಾರದ ಯಂತ್ರ

ಮೈಸೂರಿಗೆ ಕಂಪ್ಯೂಟರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಅಲ್ಲಿ ಒಂದು ಯಂತ್ರ ನಡೆಸಿದ್ದೆ. ಅದಕ್ಕೆ ತಂತಿ ಇರಲಿಲ್ಲ, ಕರೆಂಟು ಬೇಕಿರಲಿಲ್ಲ. ಬೆಳಗಿನ ಹೊತ್ತು ಒಮ್ಮೆ ಕಾಫಿ ಬೇಕಾಗುತ್ತಿತ್ತು, ಅದರ ಒಂದು ಭಾಗಕ್ಕೆ ಸಕ್ಕರೆ ಕಡಿಮೆ ಹಾಕಬೇಕಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಕನ್ನಡ ವಾಕ್ಯವನ್ನು ಯಂತ್ರ ಬಿಡಿಸಿ ನೋಡುವಂತೆ ನಿಯಮ ಬರೆದವರಲ್ಲಿ ನಾನೇ ಮೊದಲಿಗಳೆಂದು ಹೇಳಿಕೊಳ್ಳುವುದಿಲ್ಲ. ಆದರೆ ಆ ಕೆಲಸದಲ್ಲಿ ನನ್ನಷ್ಟು ಖುಷಿಪಟ್ಟವರನ್ನು ನಾನಂತೂ ಕಂಡಿಲ್ಲ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮ ಹಿನಕಲ್ ಇನ್ನೂ ಹಳ್ಳಿಯಾಗಿಯೇ ಇತ್ತು, ಮೈಸೂರು ಅದನ್ನು ನುಂಗಿರಲಿಲ್ಲ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದರು. ನಾನು ಹುಣಸೂರು ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಕಾಲೇಜಿಗೆ ಹೋಗಿ ಕನ್ನಡ ಎಂ.ಎ. ಮುಗಿಸಿದ್ದೆ. ಹೆಣ್ಣುಮಗಳು ಸೈಕಲ್ ಮೇಲೆ ಹೋಗುವುದನ್ನು ಕಂಡು ಮೂಗು ಮುರಿಯುವವರು ಮುರಿಯುತ್ತಿದ್ದರು. ನಾನು ಬೆಲ್ ಬಾರಿಸಿ ಮುಂದೆ ಹೋಗುತ್ತಿದ್ದೆ.

ಎಂ.ಎ. ಆದಮೇಲೆ ನನಗೆ ಸಿಕ್ಕಿದ್ದು ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯ ಕೆಲಸ. ಅದರ ಮುಖ್ಯಸ್ಥರಾದ ಪ್ರೊಫೆಸರು ಹೊರದೇಶದಲ್ಲಿ ಭಾಷಾವಿಜ್ಞಾನ ಓದಿ ಬಂದವರು. ಮೊದಲ ದಿನವೇ ಕರಿಹಲಗೆಯ ಮುಂದೆ ನಿಂತು ಅವರು ಹೇಳಿದ ಮಾತು ನನ್ನನ್ನು ಹಿಡಿದು ಕೂರಿಸಿತು. ಭಾಷೆಯಲ್ಲಿ ವಾಕ್ಯಗಳಿಗೆ ಕೊನೆಯಿಲ್ಲ, ಆದರೆ ಅವುಗಳನ್ನು ಕಟ್ಟುವ ನಿಯಮಗಳು ಕೆಲವೇ. ಆ ನಿಯಮಗಳನ್ನು ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಬರೆದಿಟ್ಟರೆ, ಅರ್ಥದ ಗಂಧಗಾಳಿ ಇಲ್ಲದ ಯಂತ್ರವೂ ಒಂದು ವಾಕ್ಯವನ್ನು ಬಿಡಿಸಿ, ಇದು ಸರಿ, ಇದು ಸರಿಯಲ್ಲ ಎಂದು ಹೇಳಬಲ್ಲದು. ಅಂಥ ಯಂತ್ರ ಆಗ ಉತ್ತರದ ಒಂದು ಊರಿನಲ್ಲಿತ್ತು. ನಮ್ಮ ನಿಯಮಗಳು ಗಟ್ಟಿ ಎಂದು ಒಬ್ಬ ತಜ್ಞರು ಬಂದು ಒಪ್ಪಿದರೆ ಅವು ಅಲ್ಲಿಗೆ ಹೋಗುತ್ತವೆ, ನಿಯಮ ಬರೆದವಳೂ ಹೋಗುತ್ತಾಳೆ. ಒಪ್ಪದಿದ್ದರೆ ಯೋಜನೆ ಅಲ್ಲಿಗೇ ಮುಚ್ಚುತ್ತದೆ, ನಾನು ಯಾವುದಾದರೂ ಹೈಸ್ಕೂಲಿನಲ್ಲಿ ಪಾಠ ಹೇಳಬೇಕು. ಹೈಸ್ಕೂಲು ಕೀಳೆಂದು ನಾನು ಯಾವತ್ತೂ ಅಂದುಕೊಂಡವಳಲ್ಲ. ಆದರೆ ನನ್ನ ತಲೆಯಲ್ಲಿ ಹುಟ್ಟಿದ ನಿಯಮವನ್ನು ಒಂದು ಯಂತ್ರ ಓದುವುದನ್ನು ಕಣ್ಣಾರೆ ನೋಡಬೇಕು ಎನ್ನುವ ಹಟ ಹಿಡಿದುಬಿಟ್ಟಿತ್ತು.

ತಜ್ಞರು ಬರುವವರೆಗೆ ನಿಯಮಗಳನ್ನು ಪರೀಕ್ಷಿಸುವುದು ಹೇಗೆ? ಯಂತ್ರ ಇಲ್ಲದಿದ್ದರೆ ಮನುಷ್ಯರನ್ನೇ ಯಂತ್ರ ಮಾಡೋಣ ಎಂದೆ. ಪ್ರೊಫೆಸರು ಒಂದು ಗಳಿಗೆ ನನ್ನ ಮುಖ ನೋಡಿ, ‘ಮಾಡಮ್ಮ’ ಎಂದರು.

ಕಾಲೇಜಿನ ಹಿಂಭಾಗದಲ್ಲಿ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿದ್ದ ಉದ್ದನೆಯ ಕೋಣೆಯೊಂದಿತ್ತು. ಅದನ್ನು ಗುಡಿಸಿ, ಮೂರು ಮೇಜು ಸಾಲಾಗಿ ಹಾಕಿಸಿದೆ. ಶಿವರಾಂಪೇಟೆಯ ಬೈಂಡಿಂಗ್ ಅಂಗಡಿಯಿಂದ ಬಣ್ಣದ ರಟ್ಟು ತಂದು ಕಾರ್ಡುಗಳನ್ನು ಕತ್ತರಿಸಿದೆ. ಒಂದೊಂದು ಕಾರ್ಡಿನ ಮೇಲೆ ಒಂದೊಂದು ಪದ. ಕೆಲಸ ಮಾಡುವವರ ಹೆಸರು ಹಳದಿ, ‘ಹಾಲನ್ನು’, ‘ಹಣ್ಣನ್ನು’ ಎಂಬಂಥವು ನೀಲಿ, ‘ಬಿಸಿ’, ‘ಚಿಕ್ಕ’ ಎಂಬ ವಿಶೇಷಣಗಳು ಹಸಿರು, ಕ್ರಿಯಾಪದ ಕೆಂಪು. ಕಾರ್ಡುಗಳನ್ನು ಸಾಲಾಗಿ ಜೋಡಿಸಿದ ಟ್ರೇ ಮೊದಲ ಮೇಜಿಗೆ ಹೋಗುತ್ತದೆ. ಅಲ್ಲಿ ಕೂತವರ ನಿಯಮ ಇಷ್ಟೆ: ಹಸಿರಿನ ಮುಂದೆ ಹಳದಿ ಬಂದರೆ ಎರಡನ್ನೂ ಕ್ಲಿಪ್ಪಿನಲ್ಲಿ ಸೇರಿಸಿ ಮೇಲೊಂದು ಹಳದಿ ಚೀಟಿ ಇಡಬೇಕು, ನೀಲಿ ಬಂದರೆ ನೀಲಿ ಚೀಟಿ. ಎರಡನೇ ಮೇಜಿನಲ್ಲಿ ನೀಲಿ, ಕೆಂಪು ಸೇರಿ ಕೆಂಪಾಗುತ್ತವೆ. ಮೂರನೆಯದರಲ್ಲಿ ಹಳದಿ, ಕೆಂಪು ಸೇರಿ ಬಿಳಿ. ಟ್ರೇಯಲ್ಲಿ ಒಂದೇ ಒಂದು ಬಿಳಿ ಚೀಟಿ ಉಳಿದರೆ ವಾಕ್ಯ ಸರಿ. ಅದರ ಜೊತೆ ಬೇರೆ ಬಣ್ಣ ಏನಾದರೂ ಮಿಕ್ಕರೆ ವಾಕ್ಯ ತಪ್ಪು. ಸರಿಯಾದದ್ದನ್ನು ಬಲಗಡೆಯ ತಟ್ಟೆಗೆ ಹಾಕಬೇಕು, ತಪ್ಪಾದದ್ದನ್ನು ಎಡಗಡೆಯ ತಟ್ಟೆಗೆ. ಎಡಗಡೆಯ ತಟ್ಟೆಗೆ ನಾನೇ ‘ತಿರಸ್ಕೃತ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ.

ಇದರ ಸೊಗಸು ಇರುವುದು ಕ್ಲಿಪ್ಪಿನಲ್ಲಿ. ಬಿಳಿ ಚೀಟಿಯ ಕಂತೆಯನ್ನು ಬಿಚ್ಚುತ್ತ ಹೋದರೆ ವಾಕ್ಯ ಹೇಗೆ ಕಟ್ಟಿಕೊಂಡಿದೆ, ಯಾವುದು ಯಾವುದಕ್ಕೆ ಸೇರಿದೆ ಎನ್ನುವುದು ಪದರ ಪದರವಾಗಿ ಸಿಗುತ್ತಿತ್ತು. ನಾವು ದಿನಾ ಆಡುವ ಮಾತಿನೊಳಗೆ ಇಂಥ ಅಚ್ಚುಕಟ್ಟಾದ ಮನೆಯೊಂದಿದೆ ಎಂದು ಕಂಡಾಗ ನನಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನವಾಗುತ್ತಿತ್ತು.

ಮೊದಲ ಮೇಜಿಗೆ ನಮ್ಮ ಆಫೀಸಿನ ಟೈಪಿಸ್ಟ್ ಬಂದರು. ನಡುವಯಸ್ಸಿನ ಹೆಂಗಸು, ಕೈ ಚುರುಕು, ಬಾಯಿ ಇನ್ನೂ ಚುರುಕು. ಎರಡನೆಯದಕ್ಕೆ ಅಶೋಕಪುರಂನಿಂದ ಬರುತ್ತಿದ್ದ ಅಟೆಂಡರು. ಮೂರನೆಯದಕ್ಕೆ, ಅಂದರೆ ಸರಿ-ತಪ್ಪು ನಿರ್ಧಾರವಾಗುವ ಜಾಗಕ್ಕೆ, ಹಿರಿಯರು ಎಂಬ ಗೌರವದಿಂದ ಪಂಡಿತರನ್ನು ಕೂರಿಸಿದೆವು. ಅವರು ಅರಮನೆಯಲ್ಲಿ ಪುರಾಣ ಓದುವ ಕೆಲಸದಲ್ಲಿದ್ದು, ಆಮೇಲೆ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿ ನಿವೃತ್ತರಾದವರು. ಕಚ್ಚೆಪಂಚೆ, ಕರಿ ಕೋಟು, ಹೆಗಲ ಮೇಲೆ ಇಸ್ತ್ರಿ ಮಾಡಿದ ಶಲ್ಯ. ಬೆಳಿಗ್ಗೆ ಬಂದವರು ಮೇಜಿಗೆ ಒಂದು ನಮಸ್ಕಾರ ಹಾಕಿ ಕೂರುತ್ತಿದ್ದರು. ಸಕ್ಕರೆ ಕಡಿಮೆ ಬೇಕಾಗಿದ್ದ ಭಾಗ ಇವರೇ.

‘ನೀವು ಮೂವರೂ ಯಂತ್ರ. ಅರ್ಥ ನೋಡಬಾರದು, ಬಣ್ಣ ಮಾತ್ರ ನೋಡಬೇಕು’ ಎಂದು ನಾನು ಭಾಷಣ ಮಾಡಿದೆ.

‘ಆಗಲಿ ತಾಯಿ’ ಎಂದರು ಪಂಡಿತರು.

‘ಅಷ್ಟೇ ತಾನೆ, ಬುಡಿ ಅಮ್ಮಾವ್ರೇ’ ಎಂದ ಅಟೆಂಡರು.

ಯಂತ್ರ ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತೆಂದರೆ, ವಾರಗಟ್ಟಲೆ ಎಡಗಡೆಯ ತಟ್ಟೆಗೆ ಒಂದೂ ವಾಕ್ಯ ಬೀಳಲಿಲ್ಲ. ಮಕ್ಕಳ ಪಠ್ಯಪುಸ್ತಕದಿಂದ, ನನ್ನ ತಲೆಯಿಂದ ಏನೇನೋ ವಾಕ್ಯ ಕೊಟ್ಟೆ. ಎಲ್ಲ ಬಿಳಿಯಾಗಿ ಹೊರಗೆ ಬಂದವು. ನನ್ನ ನಿಯಮಗಳು ಇಷ್ಟು ಗಟ್ಟಿ ಎಂದು ನನಗೇ ಗೊತ್ತಿರಲಿಲ್ಲ. ಸಂಜೆ ಸೈಕಲ್ ತುಳಿಯುವಾಗ ಕಾಲು ನೆಲದ ಮೇಲಿರಲಿಲ್ಲ ಎಂದರೆ ಅದು ಎರಡು ರೀತಿಯಲ್ಲೂ ನಿಜ. ತಜ್ಞರು ಮುಂದಿನ ವಾರ ಬರುತ್ತಾರೆ ಎಂದು ಪ್ರೊಫೆಸರು ಹೇಳಿದಾಗ, ನಾಳೆಯೇ ಬರಲಿ ಎಂದುಬಿಟ್ಟೆ.

ಒಂದು ಮಧ್ಯಾಹ್ನ ತಮಾಷೆಗೆಂದೇ ಬೇಕೆಂದು ಕೆಡಿಸಿದ ವಾಕ್ಯವೊಂದನ್ನು ಟ್ರೇಯಲ್ಲಿಟ್ಟೆ. ‘ಅಜ್ಜಿ ಹಾಲನ್ನು ಕುಡಿದಳು ಬಿಸಿ.’ ಕೊನೆಯ ಹಸಿರು ಕಾರ್ಡಿಗೆ ಮುಂದೆ ಏನೂ ಇಲ್ಲ, ಅದು ಒಂಟಿಯಾಗಿ ಮಿಗಲೇಬೇಕು. ತಿರಸ್ಕಾರದ ತಟ್ಟೆಗೆ ಇವತ್ತು ಪ್ರಾರಂಭೋತ್ಸವ ಎಂದುಕೊಂಡು ಮೊಸರನ್ನ ಉಣ್ಣಲು ಹೋದೆ. ಬಂದು ನೋಡಿದರೆ ವಾಕ್ಯ ಬಲಗಡೆಯ ತಟ್ಟೆಯಲ್ಲಿ ಬಿಳಿ ಚೀಟಿ ಹೊದ್ದು ಮಲಗಿತ್ತು.

ಕ್ಲಿಪ್ಪು ಬಿಚ್ಚಿದೆ. ಒಳಗೆ ಕಾರ್ಡುಗಳು ಇದ್ದದ್ದು ಹೀಗೆ: ‘ಅಜ್ಜಿ ಬಿಸಿ ಹಾಲನ್ನು ಕುಡಿದಳು.’

ಈ ಮೊದಲು ಬಿಳಿಯಾದ ಕಂತೆಗಳನ್ನೆಲ್ಲ ತೆಗೆದು ಬಿಚ್ಚತೊಡಗಿದೆ. ಎಷ್ಟೋ ಕಂತೆಗಳಲ್ಲಿ ನಾನು ಇಟ್ಟ ಸಾಲು ಒಂದು, ಒಳಗಿದ್ದ ಸಾಲು ಇನ್ನೊಂದು. ಬಿಳಿಯಾದವುಗಳಲ್ಲಿ ನನ್ನ ನಿಯಮದ ಬಲ ಎಷ್ಟು, ಈ ಮೂವರ ಕೈವಾಡ ಎಷ್ಟು ಎಂದು ಹೇಳುವ ಹಾಗೇ ಇರಲಿಲ್ಲ. ಸಿಟ್ಟು ನೆತ್ತಿಗೇರಿತು.

‘ಯಾರು ಇದನ್ನ ಮಾಡಿದ್ದು?’ ಎಂದೆ.

ಪಂಡಿತರು ಅಳುಕಲಿಲ್ಲ. ‘ನಾನೇ ಮಗು. ಬಿಸಿ ಅನ್ನೋ ಪದ ಕೊನೇಲಿ ಒಂಟಿಯಾಗಿ ನಿಂತಿತ್ತು. ಪಾಪ, ಅದರ ಜಾಗ ಎಲ್ಲಿ ಅಂತ ನನಗೆ ಗೊತ್ತು. ಗೊತ್ತಿದ್ದೂ ಸುಮ್ಮನೆ ಹೇಗಿರಲಿ? ಹಾಲಿನ ಪಕ್ಕ ಇಟ್ಟು, ಟ್ರೇನ ಇವರ ಕಡೆ ವಾಪಸ್ ತಳ್ಳಿದೆ.’

‘ನಾನೂ ಒಂದಷ್ಟು ಸರಿ ಮಾಡಿದೀನಿ ಕಣ್ರೀ’ ಎಂದರು ಟೈಪಿಸ್ಟ್. ‘ನೀವು ಅಷ್ಟು ಕಷ್ಟಪಟ್ಟು ಬರೆದಿರ್ತೀರ. ತಪ್ಪು ಅಂತ ಆ ತಟ್ಟೆಗೆ ಹಾಕಿದ್ರೆ ನಿಮಗೆ ಬೇಜಾರಾಗಲ್ವಾ?’

ಅಟೆಂಡರ ಕಡೆ ತಿರುಗಿದೆ. ‘ನಂದೇನಿಲ್ಲ ಅಮ್ಮಾವ್ರೇ. ಯಾವ್ದಾದ್ರೂ ಕಾರ್ಡು ಮಿಕ್ಬುಟ್ರೆ ಮೇಜಿನ್ ಕೆಳಕ್ಕೆ ಇಟ್ಬುಡ್ತಿದ್ದೆ, ಅಷ್ಟೆಯ. ಎಲ್ಲಾ ಜ್ವಾಪಾನವಾಗೈತೆ’ ಎಂದು ಕಾರ್ಡುಗಳ ಒಂದು ಗುಡ್ಡೆ ತೆಗೆದು ತೋರಿಸಿದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ನನ್ನ ಯಂತ್ರವನ್ನ ನೀವೆಲ್ಲ ಸೇರಿ ಹಾಳು ಮಾಡಿದಿರಿ’ ಎಂದು ರೇಗಿದೆ. ಪಂಡಿತರು ಶಲ್ಯ ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು: ‘ನೋಡಮ್ಮ, ಅರಮನೆಯಲ್ಲಿ ಇಲ್ಲ ಅನ್ನೋ ಮಾತನ್ನ ನಾವು ಬಾಯಲ್ಲಿ ಆಡಿದವರಲ್ಲ. ಮನೆಯಲ್ಲೂ ಅಷ್ಟೇ. ಅಕ್ಕಿ ಮುಗಿದ್ರೆ ಮುಗೀತು ಅನ್ನಲ್ಲ, ಹೆಚ್ಚಿತು ಅಂತೀವಿ. ಹೊರಡುವಾಗ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತೀವಿ. ಬಾಗಿಲಿಗೆ ಬಂದದ್ದು ಒಂದು ವಾಕ್ಯ ಆದರೂ ಸರಿಯೇ, ತಿರಸ್ಕೃತ ಅಂತ ಬರೆದ ತಟ್ಟೆಗೆ ಹಾಕೋಕೆ ನನ್ನ ಕೈ ಏಳೋದಿಲ್ಲ. ನಾನು ಮನಸ್ಸು ಮಾಡಿ ನೋಡಿದೆ. ಏಳಲಿಲ್ಲ.’

ಅವರ ಕಷ್ಟ ನಾಟಕದ್ದಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ತಪ್ಪು ವಾಕ್ಯವನ್ನು ತಪ್ಪು ಎನ್ನದ ಯಂತ್ರ ಸರಿ ವಾಕ್ಯವನ್ನು ಸರಿ ಎಂದರೂ ಅದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. ಅದನ್ನು ತಜ್ಞರ ಮುಂದಿಟ್ಟು ಪಾಸಾಗುವುದು ನನಗೆ ಬೇಕಿರಲಿಲ್ಲ. ಉತ್ತರದ ಯಂತ್ರದ ಮುಂದೆ ಪಂಡಿತರು ಕೂತಿರುವುದಿಲ್ಲವಲ್ಲ.

ಮೊದಲು ಒಂದು ಉಪಾಯ ಮಾಡಿದೆ. ಪದಗಳು ಕಾಣದಂತೆ ಕಾರ್ಡುಗಳನ್ನು ಮಗುಚಿ ಹಾಕಿ, ಬಣ್ಣ ಮಾತ್ರ ಕಾಣುವ ಹಾಗೆ ಮಾಡಿದೆ. ಅರ್ಥವೇ ತಿಳಿಯದಿದ್ದರೆ ಹೇಗೆ ತಿದ್ದುತ್ತಾರೆ ನೋಡೋಣ ಎಂದು ಬೀಗಿದ್ದಷ್ಟೇ ಬಂತು. ಅರ್ಥ ಗೊತ್ತಿಲ್ಲದಿದ್ದರೂ ಅವರು ಬಣ್ಣಕ್ಕೇ ಮರುಗಿದರು. ಮಿಕ್ಕ ಹಸಿರು ಕಾರ್ಡೊಂದನ್ನು ಪಂಡಿತರು ಇಂಕು ಹೀರುವ ಒತ್ತುಕಾಗದದ ಕೆಳಗೆ ಮೆಲ್ಲಗೆ ಸೇರಿಸುವುದನ್ನು ನನ್ನ ಕಣ್ಣಾರೆ ಕಂಡೆ. ತಲೆಯ ಮೇಲೆ ಕೈ ಹೊತ್ತು ಕೂತೆ.

ಆ ಭಾನುವಾರ ಮನೆಯಲ್ಲಿ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕೆಳಗಿನ ಬೀದಿಯ ಗೌಡರೊಬ್ಬರು ನಮ್ಮ ಎತ್ತಿನ ಗಾಡಿ ಕೇಳಲು ಬಂದರು. ಹಿಂದೊಮ್ಮೆ ಅದೇ ಗಾಡಿಯ ಮೂಕಿ ಮುರಿದು ತಂದವರು ಅವರೇ, ಅವ್ವ ಅದನ್ನು ಮರೆತಿರಲಿಲ್ಲ.

‘ಬನ್ನಿ, ಕೂತ್ಕಳಿ, ಮಜ್ಗೆ ಕುಡೀರಿ’ ಎಂದಳು ಅವ್ವ. ಅವರು ಕುಡಿದರು. ಮಳೆ ಬೆಳೆಯ ಮಾತಾಯಿತು. ಕೊನೆಗೆ ಅವ್ವ ನಗುನಗುತ್ತಾ, ‘ಗಾಡಿ ತಾನೆ? ಓಗ್ಬುಟ್ಟು ಬನ್ನಿ, ನೋಡಾನ’ ಎಂದಳು. ಅವರೂ ನಗುನಗುತ್ತಾ ಎದ್ದು, ನಮ್ಮ ಬಾಗಿಲಿಂದ ನೇರವಾಗಿ ಪಕ್ಕದ ಮನೆಗೆ ಹೋಗಿ ಅವರ ಗಾಡಿ ಕೇಳಿದರು.

‘ಅವ್ವ, ಅವರಿಗೆ ಗಾಡಿ ಕೊಡ್ತೀಯಾ?’

‘ಕೊಡಕ್ಕಿಲ್ಲ ಕಣವ್ವ. ಅವ್ರಿಗೂ ಗೊತ್ತಾಯ್ತಲ್ಲ.’

‘ನೀನು ಇಲ್ಲ ಅನ್ನಲೇ ಇಲ್ಲವಲ್ಲ!’

‘ಓಗ್ಬುಟ್ಟು ಬನ್ನಿ ಅಂದ್ನಲ್ಲ. ಇನ್ನೆಂಗೆ ಏಳ್ಬೇಕು?’

ಸುಲಿದ ಅವರೆಕಾಳಿನ ಮೊರ ಮಗುಚಿ ಬೀಳುವ ಹಾಗೆ ನಾನು ಎದ್ದೆ. ನಮ್ಮ ಜನಕ್ಕೆ ಇಲ್ಲ ಎನ್ನಲು ಬರುವುದಿಲ್ಲ ಎಂದು ತಿಳಿದಿದ್ದೆನಲ್ಲ! ಚೆನ್ನಾಗಿಯೇ ಬರುತ್ತದೆ, ದಿನಾ ಹೇಳುತ್ತಲೇ ಇದ್ದೇವೆ. ಅದನ್ನು ಹೇಳುವ ರೀತಿ ಒಂದಿದೆ, ನಾನು ಅವರಿಗೆ ಆ ರೀತಿಯನ್ನು ಬಿಟ್ಟು ಇನ್ನೊಂದನ್ನು ಕೊಟ್ಟಿದ್ದೆ. ನಿಯಮ ತಿದ್ದಬೇಕಿರಲಿಲ್ಲ, ಮನುಷ್ಯರನ್ನೂ ತಿದ್ದಬೇಕಿರಲಿಲ್ಲ. ಆ ಎಡಗಡೆಯ ತಟ್ಟೆಯೊಂದೇ ಸರಿಹೋಗಬೇಕಿತ್ತು.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ‘ತಿರಸ್ಕೃತ’ ಎಂಬ ಚೀಟಿಯನ್ನು ಕೆರೆದು ಕಿತ್ತೆ. ಆ ಜಾಗದಲ್ಲಿ ‘ಹೋಗಿ ಬನ್ನಿ’ ಎಂದು ಬರೆದು ಅಂಟಿಸಿದೆ. ಪಂಡಿತರು ಬಂದವರು ಮೇಜಿಗೆ ನಮಸ್ಕಾರ ಹಾಕಿ, ತಟ್ಟೆ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

‘ಇದರಲ್ಲಿ ಹಾಕಿದ ವಾಕ್ಯ ಸತ್ತು ಹೋಗೋದಿಲ್ಲ ಪಂಡಿತರೇ’ ಎಂದೆ. ‘ನನ್ನ ಹತ್ತಿರ ಬರುತ್ತೆ. ನಾನು ಅದನ್ನೋ, ನಿಯಮವನ್ನೋ ಸರಿ ಮಾಡಿ ಮತ್ತೆ ನಿಮ್ಮ ಬಾಗಿಲಿಗೇ ಕಳಿಸ್ತೀನಿ. ಈಗ ಇದ್ದ ಹಾಗೇ ಬೀಳ್ಕೊಡಿ, ಅಷ್ಟು ಸಾಕು.’

‘ಹಾಗೋ’ ಎಂದರು ಅವರು. ಮೊದಲ ಕೆಟ್ಟ ವಾಕ್ಯ ಬಂದಾಗ ಅದನ್ನು ಎರಡು ಕೈಯಲ್ಲೂ ಎತ್ತಿ, ತಟ್ಟೆಯಲ್ಲಿಟ್ಟು, ಬಾಯಿಬಿಟ್ಟೇ ‘ಹೋಗಿ ಬನ್ನಿ’ ಎಂದರು. ಟೈಪಿಸ್ಟ್ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೆ ಪಂಡಿತರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

ಆಮೇಲಿನ ದಿನಗಳು ನನ್ನ ಬದುಕಿನ ಅತಿ ಚಂದದ ದಿನಗಳು. ಕಟ್ಟೆ ಒಡೆದ ಹಾಗೆ ವಾಕ್ಯಗಳು ಎಡಕ್ಕೆ ಬೀಳತೊಡಗಿದವು. ವಾರಗಟ್ಟಲೆ ಮುಚ್ಚಿಹೋಗಿದ್ದ ನನ್ನ ನಿಯಮಗಳ ತೂತುಗಳೆಲ್ಲ ಕಾಣಿಸಿದವು. ಒಂದು ತೂತು ಮುಚ್ಚಲು ಹೊಸ ನಿಯಮ ಬರೆದರೆ ಅದೇ ನಿಯಮ ಇನ್ನೆಲ್ಲೋ ಒಂದು ಕೆಟ್ಟ ವಾಕ್ಯವನ್ನು ಒಳಗೆ ಬಿಡುತ್ತಿತ್ತು. ಬಾಗಿಲು ದೊಡ್ಡದಾದರೆ ನಾಯಿಯೂ ಬರುತ್ತದೆ, ಚಿಕ್ಕದಾದರೆ ನೆಂಟರೂ ಹೊರಗೆ. ಎರಡರ ನಡುವೆ ಸರಿಯಾದ ಅಳತೆ ಹುಡುಕುವುದೇ ಈ ವಿದ್ಯೆ. ಪ್ರೊಫೆಸರು ಮಾತ್ರ ಎಡತಟ್ಟೆ ತುಂಬಿದ್ದನ್ನು ನೋಡಿ ಬೆವರಿದರು. ‘ಮುಂಚೆ ಚೆನ್ನಾಗಿತ್ತಲ್ಲಮ್ಮ’ ಎಂದರು. ‘ಮುಂಚೆ ಸುಳ್ಳಾಗಿತ್ತು ಸರ್’ ಎಂದೆ.

ತಜ್ಞರು ಬಂದರು. ಮೂಲ ಧಾರವಾಡದವರು, ಕೆಲಸ ಆ ಉತ್ತರದ ಊರಿನಲ್ಲಿ. ಕಡ್ಡಿಯಂತೆ ತೆಳ್ಳಗೆ, ಮುಖದಲ್ಲಿ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ. ನಮ್ಮ ವಾಕ್ಯಗಳು ಒಂದಾದಮೇಲೊಂದು ಟ್ರೇಯಲ್ಲಿ ಸಾಗಿದವು. ಸರಿಯಾದವು ಬಲಕ್ಕೆ, ಕೆಡಿಸಿದವು ಎಡಕ್ಕೆ. ಪಂಡಿತರು ಅಂದು ಹೊಸ ಶಲ್ಯ ಹೊದ್ದಿದ್ದರು. ತಜ್ಞರು ನೋಡುತ್ತಲೇ ಇದ್ದರು. ಕೊನೆಗೆ, ‘ನನ್ನದೊಂದು ವಾಕ್ಯ ಹಾಕ್ಲಿಕ್ಕೆ ಬಿಡ್ತೀರೇನ್ರಿ?’ ಎಂದರು.

ಅವರು ಹೇಳಿದ್ದು ಇಷ್ಟೆ: ‘ತಂಗಿ ಅಕ್ಕ ತಂದ ಹಣ್ಣನ್ನು ತಿಂದಳು.’

ಮನೆಮನೆಯಲ್ಲಿ ಆಡುವ ಮಾತು. ಕಾರ್ಡು ಬರೆಯುವಾಗಲೇ ನನಗೆ ಒಳಗೊಳಗೆ ಚುಚ್ಚಿತು. ನಾವು ಪರೀಕ್ಷಿಸಿದ್ದೆಲ್ಲ ಪಠ್ಯಪುಸ್ತಕದ ಚಿಕ್ಕ ವಾಕ್ಯಗಳು. ಇದರೊಳಗೆ ಇನ್ನೊಂದು ಪುಟ್ಟ ವಾಕ್ಯ ಮುದುಡಿ ಕೂತಿದೆ, ಅಕ್ಕ ತಂದಳು ಎನ್ನುವುದು. ನನ್ನ ನಿಯಮದ ಪ್ರಕಾರ ‘ತಂದ’ ಎನ್ನುವುದಕ್ಕೆ ವಿಶೇಷಣದ ಹಸಿರು. ಹಾಗೇ ಕೊಟ್ಟೆ. ಮೊದಲ ಮೇಜಿನಲ್ಲಿ ‘ತಂದ’ ಹಣ್ಣಿಗೆ ಸೇರಿತು. ಎರಡನೆಯದರಲ್ಲಿ ಹಣ್ಣು ತಿನ್ನುವುದಕ್ಕೆ ಸೇರಿತು. ಪಂಡಿತರ ಮುಂದೆ ಎರಡು ಹಳದಿ, ಒಂದು ಕೆಂಪು ಬಂದವು. ಅವರು ಪಕ್ಕದಲ್ಲಿದ್ದ ‘ಅಕ್ಕ’ನನ್ನು ಕೆಂಪಿಗೆ ಸೇರಿಸಿ ಬಿಳಿ ಚೀಟಿ ಇಟ್ಟರು. ‘ತಂಗಿ’ ಒಬ್ಬಳೇ ಮಿಕ್ಕಳು.

ವಾಕ್ಯದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಅಲ್ಲಿದ್ದವರಲ್ಲಿ ಪಂಡಿತರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವರ ಬೆರಳು ‘ತಂಗಿ’ಯ ಮೇಲೆ ನಿಂತಿತು. ಒತ್ತುಕಾಗದ ಪಕ್ಕದಲ್ಲೇ ಇತ್ತು. ಕಾರ್ಡನ್ನು ಅದರ ಕೆಳಗೆ ಸರಿಸಿದರೆ ಸಾಕು, ತಜ್ಞರ ಕಣ್ಣು ಆ ಗಳಿಗೆಗೆ ನನ್ನ ಕಡೆಗಿತ್ತು. ನನ್ನ ಮುಂದಿನ ಬಾಳೆಲ್ಲ ಆ ಬೆರಳಿನ ತುದಿಯಲ್ಲಿದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅವರನ್ನೇ ನೋಡುತ್ತಾ ನಿಂತೆ. ಬೇಡ ಎಂದು ಸನ್ನೆ ಮಾಡಲಿಲ್ಲ, ಮಾಡಬೇಕಾಗಲೂ ಇಲ್ಲ. ಅವರು ಬಿಳಿ ಕಂತೆ, ‘ತಂಗಿ’ ಎರಡನ್ನೂ ಎರಡು ಕೈಯಲ್ಲಿ ಎತ್ತಿ ಎಡಗಡೆಯ ತಟ್ಟೆಯಲ್ಲಿಟ್ಟರು. ತುಟಿ ಅಲುಗಿತು, ಧ್ವನಿ ಹೊರಡಲಿಲ್ಲ.

ಪ್ರೊಫೆಸರ ಮುಖ ಕಪ್ಪಿಟ್ಟಿತು. ತಜ್ಞರು ಎದ್ದು ಬಂದು ಕಂತೆ ಬಿಚ್ಚಿ ನೋಡಿದರು. ‘ಹಣ್ಣು ಅಕ್ಕನೇ ತಿಂದುಬಿಟ್ಳಲ್ರೀ! ತಂಗಿ ಹೊರಗ ನಿಂತಾಳ. ಯಾಕ ಹಿಂಗಾತು?’

‘ವಾಕ್ಯ ಸರಿಯಾಗಿದೆ ಸರ್, ನನ್ನ ನಿಯಮ ಸಾಲದು’ ಎಂದೆ. ‘ಎಲ್ಲಿ ಸಾಲದು ಅನ್ನೋದು ಈಗ ಕಾಣ್ತಿದೆ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೊಡಿ.’

ನನಗೆ ನಾಚಿಕೆಯಾಗಲಿಲ್ಲ. ಯಾಕೆ ಆಗಬೇಕು? ಯಂತ್ರ ನಿಜ ಹೇಳಿತ್ತು, ಎಲ್ಲಿ ನಿಂತಿತೆಂದೂ ತೋರಿಸಿತ್ತು. ‘ತಂದ’ ಎನ್ನುವುದು ಬರೀ ವಿಶೇಷಣವಲ್ಲ, ತಂದವಳನ್ನು ಜೊತೆಯಲ್ಲಿ ಕರೆದುಕೊಂಡು ಬಂದಿರುವ ಪದ. ಅದಕ್ಕೊಂದು ಬೇರೆ ಬಣ್ಣ ಬೇಕು. ನನ್ನಲ್ಲಿ ಬೇರೆ ಬಣ್ಣದ ರಟ್ಟು ಇರಲಿಲ್ಲ. ಟೈಪಿಸ್ಟ್ ತಮ್ಮ ಮೊಹರು ಒತ್ತುವ ನೇರಳೆ ಇಂಕಿನ ಪ್ಯಾಡನ್ನು ನನ್ನ ಮುಂದೆ ತಳ್ಳಿದರು. ಬಿಳಿ ರಟ್ಟೊಂದನ್ನು ಅದಕ್ಕೆ ಒತ್ತಿ ನೇರಳೆ ಮಾಡಿ, ಅದರ ಮೇಲೆ ‘ತಂದ’ ಎಂದು ಬರೆದು, ಅವರಿಗೆ ಹೊಸ ನಿಯಮ ಹೇಳಿದೆ: ಹಳದಿಯ ಮುಂದೆ ನೇರಳೆ ಬಂದರೆ ಎರಡನ್ನೂ ಸೇರಿಸಿ ಮೇಲೊಂದು ಹಸಿರು ಚೀಟಿ. ಅಂದರೆ ‘ಅಕ್ಕ ತಂದ’ ಎನ್ನುವುದೆಲ್ಲ ಸೇರಿ ಒಂದು ವಿಶೇಷಣ.

ಟ್ರೇ ಮತ್ತೆ ಹೊರಟಿತು. ಅಕ್ಕ ತಂದದ್ದರ ಜೊತೆ ಹೋದಳು, ಅದೆಲ್ಲ ಹಣ್ಣಿನ ಜೊತೆ ಹೋಯಿತು, ಹಣ್ಣು ತಿಂದದ್ದರ ಜೊತೆ. ಪಂಡಿತರ ಮುಂದೆ ಉಳಿದದ್ದು ತಂಗಿ ಮತ್ತು ಒಂದು ಕೆಂಪು. ಬಿಳಿ. ತಜ್ಞರು ವಾಕ್ಯವನ್ನು ಉದ್ದ ಮಾಡಿದರು: ‘ತಂಗಿ ಅಜ್ಜಿ ಸಾಕಿದ ಅಕ್ಕ ತಂದ ಹಣ್ಣನ್ನು ತಿಂದಳು.’ ಟೈಪಿಸ್ಟ್ ಬೆರಳು ಓಡಿತು, ಅದೇ ನಿಯಮವನ್ನು ಮತ್ತೊಮ್ಮೆ ನಡೆಸಿದರು. ಬಿಳಿ. ಎಷ್ಟು ಉದ್ದ ಮಾಡಿದರೂ ಅದೇ ಒಂದು ನಿಯಮ ಸಾಕಾಗುತ್ತದೆ ಎಂದು ಎಲ್ಲರಿಗೂ ಕಂಡಿತು. ತಜ್ಞರು ಬಿಡಲಿಲ್ಲ, ‘ತಂದ’ ಎನ್ನುವುದನ್ನು ವಾಕ್ಯದ ಕೊನೆಗೆ ಹಾಕಿ ಕೆಡಿಸಿ ಕೊಟ್ಟರು. ಅದು ಎಡಕ್ಕೆ ಹೋಯಿತು. ಅಟೆಂಡರು ತಡೆಯಲಾರದೆ, ‘ಓಗ್ಬುಟ್ಟು ಬನ್ನಿ’ ಎಂದುಬಿಟ್ಟ. ತಜ್ಞರು ಮೊದಲ ಸಲ ನಕ್ಕರು.

ಹೊರಡುವಾಗ ಪ್ರೊಫೆಸರಿಗೆ ಅವರು ಹೇಳಿದರು: ‘ಇಂಥಾವು ಭಾಳ ನೋಡೀನ್ರಿ. ನನ್ನ ಮುಂದ ಯಾವುದೂ ಸೋತಿಲ್ಲ, ಅದಕ್ಕ ನಾ ಯಾವುದನ್ನೂ ನಂಬಿಲ್ಲ. ಆ ಹಿರಿಯರು ತಟ್ಟಿಗೆ ಹಾಕಿದ್ರಲ್ಲ, ಆವಾಗ ನನ್ನ ನಿರ್ಧಾರ ಆಗಿಹೋತು. ನಿಯಮ ಕಳಸ್ರಿ. ಈ ಹುಡುಗೀನೂ ಕಳಸ್ರಿ.’

ಉತ್ತರಕ್ಕೆ ಹೊರಡುವ ಹಿಂದಿನ ದಿನ ಪಂಡಿತರ ಮನೆಗೆ ಹೋದೆ. ಅಗ್ರಹಾರದ ಒಂದು ಸಣ್ಣ ಮನೆ, ಮುಂದೆ ತುಳಸಿ. ಜಗುಲಿಯ ಮೇಲೆ ಕೂರಿಸಿ, ಒಳಗಿಂದ ತಾವೇ ಕಾಫಿ ತಂದುಕೊಟ್ಟರು. ಎದುರಿಗೆ ಕೂತು ಹೇಳಿದರು:

‘ಆವತ್ತು ನೀನು ಹೇಳಿದ ಹಾಗೆ ಮಾಡಿದೆ ಮಗು. ಹಿಂದಿನ ತಪ್ಪು ವಾಕ್ಯಗಳಿಗೆ ಹೋಗಿ ಬನ್ನಿ ಅನ್ನೋದು ಕಷ್ಟ ಆಗಲಿಲ್ಲ. ಆದರೆ ಇದು ಸರಿಯಾದ ವಾಕ್ಯ, ಮತ್ತೆ ಬರುತ್ತೆ ಅನ್ನೋ ಭರವಸೆಯೂ ಇರಲಿಲ್ಲ. ಸರಿಯಾಗಿ ಉಟ್ಟು ತೊಟ್ಟು ಬಾಗಿಲಿಗೆ ಬಂದ ನೆಂಟರನ್ನ ಮತ್ತೆ ಬನ್ನಿ ಅನ್ನದೆ ನಾನು ಹೊರಗೆ ಕಳಿಸಿದ್ದು ಹುಟ್ಟಿದಾಗಿಂದ ಅದೊಂದೇ ಸಲ. ನಿನ್ನ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಕಳಿಸಿದೆ. ರಾತ್ರಿ ಊಟ ಸೇರಲಿಲ್ಲ.’

‘ನೀವು ಹಾಗೆ ಮಾಡಿದ್ದಕ್ಕೇ ನಾನು ಹೋಗ್ತಿರೋದು ಪಂಡಿತರೇ’ ಎಂದೆ. ನನ್ನ ಕೆಲಸವನ್ನು ಮೆಚ್ಚಿದವರು ಅನೇಕರಿದ್ದರು. ನನ್ನ ಕೆಲಸವನ್ನು ನಂಬಿ, ಅದಕ್ಕಾಗಿ ತಮ್ಮ ಸ್ವಭಾವವನ್ನೇ ಒಂದು ಗಳಿಗೆ ಪಕ್ಕಕ್ಕಿಟ್ಟವರು ಇವರೊಬ್ಬರೇ ಎಂದು ಆಗ ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಕಾಲಿಗೆ ನಮಸ್ಕಾರ ಮಾಡಿ, ‘ಬರ್ತೀನಿ’ ಎಂದೆ. ಅವರು ಗೇಟಿನವರೆಗೂ ಬಂದರು. ನಾನು ಸೈಕಲ್ ತಿರುಗಿಸುವಾಗ ಹೇಳಿದರು: ‘ಅಲ್ಲಿನ ಯಂತ್ರ ನಿನ್ನ ವಾಕ್ಯಗಳನ್ನ ವಾಪಸ್ ಕಳಿಸುತ್ತೆ, ಒಂದಲ್ಲ ಹತ್ತು ಸಲ ಕಳಿಸುತ್ತೆ. ಎದೆಗುಂದಬೇಡ. ಅದಕ್ಕೆ ಪಾಪ, ಮಾತು ಬರಲ್ಲ, ಬೀಳ್ಕೊಡೋದು ಹೇಗೆ ಅಂತ ಗೊತ್ತಿಲ್ಲ. ಅದರ ಪರವಾಗಿ ನಾನು ಇಲ್ಲಿಂದಲೇ ಹೇಳಿಬಿಡ್ತೀನಿ, ಕೇಳಿಸಿಕೋ. ಹೋಗಿ ಬಾ, ಮಗು.’